ಆರು ಜನರನ್ನು ತನ್ನಿ ಎನ್ನುವವರ ಬಗ್ಗೆ ಎಚ್ಚರ

ಮಾನ್ಯ ಸಂಪಾದಕರೇ,

ಕಲಬುರಗಿಯಲ್ಲಿ ಚೈನ್ ಬಿಸಿನೆಸ್ (ಸೇರಿದವರೇ ಹೊಸಬರನ್ನು ಸೇರಿಸುತ್ತಾ ಹೋಗುವ ದಂಧೆ) ಹೆಸರಿನಲ್ಲಿ ಬಡವರಿಂದ ಹಣ ಕಟ್ಟಿಸಿಕೊಳ್ಳುವುದು ನಡೆದೇ ಇದೆ. ನಮ್ಮ ಓಣಿಯ ಹೆಣ್ಣುಮಗಳೊಬ್ಬರು ತೊಗರಿ ಮಾರಿ ಬಂದ ದುಡ್ಡಿನಲ್ಲಿ 12 ಸಾವಿರ ರೂಪಾಯಿ ಕಟ್ಟಿ ಸೇರಿದರು. ಕೈಗೆ ಬಂದಿದ್ದು ಒಂದು ಡಬ್ಬಿ ಪ್ರೋಟೀನ್ ಪುಡಿ, ನಾಲ್ಕು ಸೋಪು. ಆ ಡಬ್ಬಿ ಇನ್ನೂ ಅವರ ಅಡುಗೆಮನೆಯಲ್ಲಿ ಸೀಲ್ ಬಿಚ್ಚದೆ ಕುಳಿತಿದೆ. ಅದನ್ನು ಮಾರುವುದು ಹೇಗೆಂದು ಯಾರೂ ಹೇಳಿಕೊಡಲಿಲ್ಲ. ‘ಅಕ್ಕಾ, ಆರು ಜನರನ್ನು ಕರ್ಕೊಂಡು ಬರ್ರಿ’ ಎಂದಷ್ಟೇ ಫೋನ್ ಬರುತ್ತಿತ್ತು. ಆ ಹೆಣ್ಣುಮಗಳನ್ನು ನಂಬಿ ಸೇರಿದ ಅವರ ತಂಗಿ, ನಾದಿನಿ ಈಗ ಮಾತು ಬಿಟ್ಟಿದ್ದಾರೆ. ಹಣ ಹೋದದ್ದಕ್ಕಿಂತ ನನಗೆ ಅದೇ ಜಾಸ್ತಿ ನೋವು.

ಲೆಕ್ಕ ಹಾಕಿ ನೋಡಿ. ಪ್ರತಿಯೊಬ್ಬರೂ ಆರು ಜನರನ್ನು ತಂದರೆ ಒಂಬತ್ತನೇ ಸುತ್ತಿಗೆ 1 ಕೋಟಿ ಜನ ಬೇಕು. 2011ರ ಜನಗಣತಿಯಲ್ಲಿ ಇಡೀ ಕಲಬುರಗಿ ಜಿಲ್ಲೆಯಲ್ಲಿ ಇದ್ದವರೇ ಸುಮಾರು 25.66 ಲಕ್ಷ. ಕೊನೆಗೆ ಸೇರಿದವರ ಹಣ ಎಲ್ಲಿಂದ ವಾಪಸ್ ಬರಬೇಕು?

ಜನರನ್ನು ಸೇರಿಸಿದ್ದಕ್ಕೇ ಹಣ ಕೊಡುವ ಸ್ಕೀಮ್‌ಗಳಿಗೆ 1978ರ ಕಾಯ್ದೆಯಿಂದಲೇ ನಿಷೇಧವಿದೆ. ಅಂಗಡಿಯಿಲ್ಲದೆ ಜನರ ಮೂಲಕವೇ ಸರಕು ಮಾರುವ ಕಂಪನಿಗಳಿಗಿರುವ 2021ರ ನೇರ ಮಾರಾಟ ನಿಯಮಗಳ ಪ್ರಕಾರ ಸೇರುವವರಿಂದ ಪ್ರವೇಶ ಶುಲ್ಕ ಕೇಳುವಂತಿಲ್ಲ, ಮಾರಲಾಗದಷ್ಟು ಸರಕು ಹೇರುವಂತಿಲ್ಲ. ಇದು ಹಳ್ಳಿಯ ಎಷ್ಟು ಜನರಿಗೆ ಗೊತ್ತು?

ತೊಗರಿ ದುಡ್ಡು ಕೈಗೆ ಬರುವ ಮುಂಚೆಯೇ ಜಿಲ್ಲಾಡಳಿತ ಮತ್ತು ಪೊಲೀಸರು ಸ್ವಸಹಾಯ ಸಂಘಗಳ ಸಭೆಗಳಿಗೆ ಹೋಗಿ ಇದನ್ನು ತಿಳಿಸಬೇಕು. ಎಪಿಎಂಸಿ ಗೋಡೆಗಳ ಮೇಲೆ ಗ್ರಾಹಕ ಸಹಾಯವಾಣಿ 1915 ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಬರೆಸಬೇಕು.

– ಓದುಗರೊಬ್ಬರು, ಕಲಬುರಗಿ