ಕೊಂಗೋನ್ಯಾಸ್‌ನ ಆ ಅಮ್ಮನಿಗೆ

ಬ್ರೆಜಿಲ್‌ನ ಮಿನಾಸ್ ಜೆರೈಸ್ ರಾಜ್ಯದ ಸಣ್ಣ ಊರು ಕೊಂಗೋನ್ಯಾಸ್. ಅಲ್ಲಿ ನಮಗೆ ದಾರಿ ತೋರಿಸಿದ ಹಿರಿಯ ಅಮ್ಮನಿಗೆ ಈ ಧನ್ಯವಾದ. ಅವರ ಹೆಸರು ನಮಗೆ ಗೊತ್ತಿಲ್ಲ.

ಅವರಿಗೆ ಪೋರ್ಚುಗೀಸ್ ಬಿಟ್ಟು ಬೇರೆ ಭಾಷೆ ಬರದು, ನಮಗೆ ಅದೊಂದೇ ಬರದು. ಆದರೂ ತರಕಾರಿ ಚೀಲ ಹಿಡಿದುಕೊಂಡೇ ಬೊಂ ಜೇಸುಸ್ ಚರ್ಚಿನ ಗುಡ್ಡದವರೆಗೂ ಬಂದರು. ಸೀದಾ ಮೇಲೆ ಕರೆದೊಯ್ಯಲಿಲ್ಲ. ಇಳಿಜಾರಿನಲ್ಲಿರುವ ಆರು ಪುಟ್ಟ ಗುಡಿಗಳ ಮುಂದೆ ಒಂದೊಂದಾಗಿ ನಿಲ್ಲಿಸಿದರು. ಒಳಗೆ ಬಣ್ಣ ಬಳಿದ ಮರದ ಪ್ರತಿಮೆಗಳಲ್ಲಿ ಯೇಸುವಿನ ಕೊನೆಯ ದಿನಗಳ ಕತೆಯಿದೆ. ಕಡೆಯ ಊಟದಿಂದ ಶುರುವಾಗಿ ಶಿಲುಬೆಯವರೆಗೆ. ಅದನ್ನು ಆ ಕ್ರಮದಲ್ಲೇ ನೋಡಬೇಕು, ಸುಮ್ನೆ ದಾಟಿ ಹೋಗಬಾರದು.

ಮೇಲೆ 12 ಪ್ರವಾದಿಗಳ ಕಲ್ಲಿನ ಮೂರ್ತಿಗಳು. ಶಿಲ್ಪಿ ಅಲೈಜಾದಿನ್ಯೊ ತಮ್ಮ ಶಿಷ್ಯರ ಜೊತೆ 1800ರಿಂದ 1805ರವರೆಗೆ ಕೆತ್ತಿದ್ದು. ಕಾಯಿಲೆಯಿಂದ ಅವರ ಕೈಗಳು ಸೊರಗಿದ್ದವು. ಉಳಿಯನ್ನು ಕೈಗೆ ಕಟ್ಟಿಸಿಕೊಂಡು ಕೆಲಸ ಮಾಡುತ್ತಿದ್ದರಂತೆ. ಇದನ್ನು ತಿಳಿಸಲು ಅಮ್ಮ ಚೀಲದ ಹಿಡಿಯನ್ನು ತಮ್ಮ ಮಣಿಕಟ್ಟಿಗೆ ಬಿಗಿಯಾಗಿ ಸುತ್ತಿಕೊಂಡು, ಗಾಳಿಯಲ್ಲೇ ಕೆತ್ತಿ ತೋರಿಸಿದರು! ಆಮೇಲೆ ಆ ಪ್ರವಾದಿಗಳಲ್ಲಿ ದಾನಿಯೇಲನ ಕಾಲ ಬಳಿಯ ಸಿಂಹವನ್ನೂ, ಯೋನನ ಹಿಂದಿನ ತಿಮಿಂಗಿಲವನ್ನೂ ತೋರಿಸಿದರು. ತಿಮಿಂಗಿಲ ನಮ್ಮ ಕಣ್ಣಿಗೆ ಖಂಡಿತ ಬೀಳುತ್ತಿರಲಿಲ್ಲ.

ಆ ಮೂರ್ತಿಗಳದ್ದು ಬಳಪದ ಕಲ್ಲು. ಬೇಲೂರು, ಹಳೇಬೀಡು ನೋಡಿದವರಿಗೆ ಆ ನುಣುಪು ಹೇಗೆ ಮರೆಯುತ್ತೆ, ಅಲ್ವಾ?

ಹರಕೆ ತೀರಿದವರು ಬರೆಸಿಟ್ಟ ಚಿತ್ರಗಳ ಕೋಣೆಯನ್ನೂ ತೋರಿಸಿ, ಕೈ ಬೀಸಿ ಇಳಿದುಹೋದರು. ಕೊಟ್ಟ ದುಡ್ಡು ಮುಟ್ಟಲಿಲ್ಲ.

ಅಮ್ಮಾ, ನಿಮ್ಮ ಊರನ್ನು ನಾವು ನೋಡಿದ್ದು ನಿಮ್ಮಿಂದ. ತುಂಬಾ ಥ್ಯಾಂಕ್ಸ್.