ಲೆಕ್ಕಕ್ಕೆ ಬಾರದ ಕೂಸುಗಳನ್ನು ಲೆಕ್ಕಕ್ಕೆ ತಂದವರಿಗೆ

ನಮ್ಮ ತಾಲ್ಲೂಕು ಆಸ್ಪತ್ರೆಯ ಕಾಂಗರೂ ತಾಯಿ ಆರೈಕೆ ವಾರ್ಡಿನ ಮೌಲ್ಯಮಾಪನ ಮುಗಿದಿದೆ. ಯೋಜನೆಯ ಅವಧಿಗೆಂದು ಕೊಟ್ಟಿದ್ದ ಆ ಕೋಣೆ ಇನ್ನು ಕಾಯಂ. ಅಲ್ಲಿನ ಶುಶ್ರೂಷಾಧಿಕಾರಿಯಾಗಿ, ಇದನ್ನು ಆಗುಮಾಡಿದ ಎಲ್ಲರಿಗೂ ನಾಲ್ಕು ಜನರ ಮುಂದೆಯೇ ಕೈಮುಗಿಯಬೇಕೆಂಬ ಆಸೆ ನನ್ನದು.

ತೂಕ ಕಡಿಮೆಯಿರುವ ಕೂಸನ್ನು ತಾಯಿಯ ಬರಿ ಎದೆಗೆ ಅಂಟಿಸಿ ಬೆಚ್ಚಗಿಡುವ, ಎದೆಹಾಲನ್ನಷ್ಟೇ ಕುಡಿಸುವ ಈ ಪದ್ಧತಿ 1978ರಲ್ಲಿ ಕೊಲಂಬಿಯಾದ ಬೊಗೊಟಾ ನಗರದಲ್ಲಿ ಆರಂಭವಾಯಿತು. ಕೂಸಿನ ಸ್ಥಿತಿ ಸುಧಾರಿಸುವವರೆಗೆ ಕಾಯದೆ ಹುಟ್ಟಿದ ಕೂಡಲೇ ಇದನ್ನು ಶುರುಮಾಡಿದರೆ ಸಾವು ಕಾಲುಭಾಗದಷ್ಟು ತಗ್ಗುತ್ತದೆ ಎಂದು, ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಸೇರಿ ಐದು ದೇಶಗಳಲ್ಲಿ ನಡೆದ ಅಧ್ಯಯನ 2021ರಲ್ಲಿ ತೋರಿಸಿತು. ಇಡೀ ಜಿಲ್ಲೆಗೆ ಇದನ್ನು ಮುಟ್ಟಿಸುವುದು ಹೇಗೆ ಎಂಬ ಪ್ರಯೋಗ ನಮ್ಮ ಕೊಪ್ಪಳದಲ್ಲೇ ನಡೆದಿತ್ತು. ದಾರಿ ತೋರಿದ ಆ ಸಂಶೋಧಕರಿಗೆ ಮೊದಲ ವಂದನೆ.

ಮೌಲ್ಯಮಾಪನಕ್ಕೆ ಬಂದ ತಂಡಕ್ಕೆ ನಾನು ಹೆಚ್ಚು ಋಣಿ. ವಾರ್ಡಿನ ರಿಜಿಸ್ಟರು ತುಂಬಿರುವುದನ್ನು ಕಂಡು ಅವರು ಸುಮ್ಮನಾಗಲಿಲ್ಲ. ತಾಲ್ಲೂಕಿನಲ್ಲಿ ಹುಟ್ಟಿದ ಎರಡು ಕಿಲೋಗಿಂತ ಕಡಿಮೆ ತೂಕದ ಕೂಸುಗಳೆಷ್ಟು, ಅವುಗಳಲ್ಲಿ ಇಲ್ಲಿಗೆ ಬಂದವೆಷ್ಟು ಎಂದು ಕೇಳಿದರು. ನರ್ಸಿಂಗ್ ಹೋಮಿನಲ್ಲಿ ಹುಟ್ಟಿದ್ದು, ದೊಡ್ಡ ಆಸ್ಪತ್ರೆಗೆ ಕಳಿಸಿದ್ದು, ಬಾಣಂತಿಯೊಡನೆ ತವರಿನ ಹಳ್ಳಿಗೆ ಹೋದದ್ದು, ಎಲ್ಲವನ್ನೂ ಕೂಡಿಸಿ ಭಾಗಿಸಿದರು. ಬಂದವರನ್ನಷ್ಟೇ ಎಣಿಸಿದರೆ ಯಾವ ಕಾರ್ಯಕ್ರಮವಾದರೂ ಗೆದ್ದಂತೆಯೇ ಕಾಣುತ್ತದೆ. ಬಾರದವರನ್ನು ಹುಡುಕಿಕೊಂಡು ಹೋದಾಗಲೇ ಅದರ ನಿಜವಾದ ಅಳತೆ ಸಿಗುವುದು. ಇದನ್ನು ನನಗೆ ಕಲಿಸಿದವರು ಅವರು.

ಆ ಹುಡುಕಾಟವನ್ನು ಬಿಸಿಲಲ್ಲಿ ನಡೆದು ಮಾಡಿದವರು ಆಶಾ ಕಾರ್ಯಕರ್ತೆಯರು. ದಿನಕ್ಕೆ ಎಂಟು ತಾಸಾದರೂ ಕೂಸು ಎದೆಯ ಮೇಲಿರಬೇಕು. ಆಸ್ಪತ್ರೆಯಲ್ಲಿ ಅದನ್ನು ನಾವು ನೋಡಿ ಬರೆದುಕೊಳ್ಳುತ್ತೇವೆ, ಮನೆಯಲ್ಲಿ ನೋಡುವವರಾರು? “ಎಷ್ಟು ತಾಸು ಇಟ್ಟುಕೊಂಡೆ?” ಎಂದರೆ ಬಾಣಂತಿ ಹೆದರಿ ಎಂಟು ಎನ್ನುತ್ತಾಳೆ. ನಮ್ಮ ಆಶಾ ಅಕ್ಕಂದಿರು ಹಾಗೆ ಕೇಳಲೇ ಇಲ್ಲ. ನಿನ್ನೆ ಬೆಳಿಗ್ಗೆಯಿಂದ ಏನೇನು ಮಾಡಿದೆ, ಉಣ್ಣುವಾಗ ಕೂಸು ಯಾರ ಬಳಿ ಇತ್ತು, ರಾತ್ರಿ ಎಲ್ಲಿ ಮಲಗಿಸಿದೆ ಎಂದು ಮಾತಿಗೆಳೆದರು. ನಾಲ್ಕು ತಾಸಾಗಿದ್ದರೆ ನಾಲ್ಕೇ ಎಂದು ಬರೆದರು, ಬೈಯಲಿಲ್ಲ. ಆ ಪ್ರಾಮಾಣಿಕ ನಾಲ್ಕರಿಂದಲೇ ಮನೆಗೆಲಸದ ಹೊರೆ ನಮಗೆ ಕಂಡದ್ದು, ಅತ್ತೆಯರನ್ನೂ ಗಂಡಂದಿರನ್ನೂ ವಾರ್ಡಿನೊಳಕ್ಕೆ ಕರೆದದ್ದು.

ಅಂಗಿ ಬಿಚ್ಚಿ ಮಗುವನ್ನು ಎದೆಗಾನಿಸಿಕೊಂಡು ಕುಳಿತ ತಂದೆಯರೇ, ಸೊಸೆ ಉಣ್ಣುವಷ್ಟು ಹೊತ್ತು ಮೊಮ್ಮಗುವನ್ನು ಸೆರಗಿನೊಳಗೆ ಕಾಪಾಡಿದ ಅತ್ತೆಯರೇ, ನಿಮ್ಮನ್ನು ಕಂಡು ಪಕ್ಕದ ಮಂಚದವರೂ ಧೈರ್ಯ ತಂದುಕೊಂಡರು. ಮನೆಯವರಿಗೆ ಹಗಲಿರುಳು ಬಾಗಿಲು ತೆರೆದಿಟ್ಟ ವೈದ್ಯಾಧಿಕಾರಿಗಳಿಗೆ, ರಾತ್ರಿ ಪಾಳಿಯ ಸಹೋದ್ಯೋಗಿಗಳಿಗೆ, ದಿನವೂ ಹಾಸಿಗೆಯ ಬಟ್ಟೆ ಒಗೆದು ಒಣಗಿಸಿಕೊಟ್ಟ ಸಿಬ್ಬಂದಿಗೆ ನಮಸ್ಕಾರ.

ನಮ್ಮಲ್ಲಿಗೆ ಬಂದರೂ ಕೆಲವು ಕೂಸುಗಳು ಉಳಿಯಲಿಲ್ಲ. ಅವುಗಳ ತಾಯಂದಿರಲ್ಲಿ ಕೆಲವರು ಆಮೇಲೂ ಮೌಲ್ಯಮಾಪಕರ ಮುಂದೆ ಕುಳಿತು, ನಡೆದದ್ದನ್ನೆಲ್ಲ ಹೇಳಿದರು. ಊರಿಂದ ಇಲ್ಲಿಗೆ ಬರುವ ಹಾದಿಯಲ್ಲೇ ಕೂಸು ತಣ್ಣಗಾಗುತ್ತಿತ್ತು ಎಂಬುದು ಗೊತ್ತಾದದ್ದು ಅವರಿಂದ. ಈಗ ಆಂಬುಲೆನ್ಸಿನಲ್ಲೂ ಕೂಸನ್ನು ತಾಯಿಯ ಎದೆಗೆ ಕಟ್ಟಿಯೇ ಕರೆತರುತ್ತಿದ್ದೇವೆ. ಆ ತಾಯಂದಿರಿಗೆ ನಾನು ಜೀವಮಾನವಿಡೀ ಕೃತಜ್ಞಳು.