ಶಾಂಭವಿ ಹೊಳೆ ದಾಟದ ಯೋಜನೆ

ಮಾನ್ಯರೇ,

ಮೂಲ್ಕಿ ದಕ್ಷಿಣ ಕನ್ನಡದಲ್ಲಿದೆ. ಶಾಂಭವಿ ಸೇತುವೆ ದಾಟಿದರೆ ಸಿಗುವ ಹೆಜಮಾಡಿ ಉಡುಪಿ ಜಿಲ್ಲೆಗೆ ಸೇರಿದ್ದು. ಹೆದ್ದಾರಿ 66 ಒಂದೇ, ಕಡಲೂ ಒಂದೇ. ಆದರೆ 1997ರಲ್ಲಿ ಜಿಲ್ಲೆ ಇಬ್ಭಾಗವಾದ ಮೇಲೆ ಮಂಗಳೂರು, ಉಡುಪಿಗಳ ನಗರಾಭಿವೃದ್ಧಿ ಪ್ರಾಧಿಕಾರಗಳ ನಕ್ಷೆಗಳು ಬೇರೆ ಬೇರೆ.

ಕಡಲಿಗೆ ಈ ಗಡಿ ಗೊತ್ತಿಲ್ಲ. ಒಂದೂರಿನವರು ಬಂಡೆ ಸುರಿದು ತಡೆಗೋಡೆ ಕಟ್ಟಿದರೆ, ಗೋಡೆ ಮುಗಿಯುವಲ್ಲಿ ಅಲೆಯ ಹೊಡೆತ ಹೆಚ್ಚಿ ಪಕ್ಕದೂರಿನ ತೆಂಗಿನ ಮರಗಳು ಬುಡಸಮೇತ ಉರುಳುತ್ತವೆ. ಮರು ಮಳೆಗಾಲಕ್ಕೆ ಅಲ್ಲೂ ಬಂಡೆ! ಗುತ್ತಿಗೆದಾರರಿಗಂತೂ ಕೆಲಸ ತಪ್ಪುವುದಿಲ್ಲ. ಕಸದ ಕತೆಯೂ ಅಷ್ಟೆ. 2019ರ ಆಗಸ್ಟ್‌ನಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ಜಾರಿ ಪಕ್ಕದ ಮಂದಾರದ ಮನೆ, ತೋಟಗಳನ್ನು ಮುಚ್ಚಿತು. ಊರೆಲ್ಲ ಹಾಕಿದ ಕಸಕ್ಕೆ ಬೆಲೆ ತೆತ್ತವರು ಅಲ್ಲಿಯವರು.

ನೀರು ಹಂಚಿಕೆ, ಭೂಬಳಕೆಯಂಥ ಸಮಾನ ವಿಷಯಗಳನ್ನು ಗಮನದಲ್ಲಿಟ್ಟು ಪಂಚಾಯಿತಿ, ಪುರಸಭೆಗಳ ಯೋಜನೆಗಳನ್ನು ಒಟ್ಟುಗೂಡಿಸಬೇಕೆಂದು ಸಂವಿಧಾನದ 243ಝಡ್‌ಡಿ ವಿಧಿ ಜಿಲ್ಲಾ ಯೋಜನಾ ಸಮಿತಿಗೆ ಹೇಳುತ್ತದೆ. ಆದರೆ ಆ ಸಮಿತಿಯ ವ್ಯಾಪ್ತಿಯೂ ಶಾಂಭವಿಯ ದಡದಲ್ಲೇ ನಿಲ್ಲುತ್ತದೆ.

ಹೊಸ ಪ್ರಾಧಿಕಾರ, ಹೊಸ ಅಧ್ಯಕ್ಷಗಿರಿ ಬೇಡ. ಉಳ್ಳಾಲದಿಂದ ಬೈಂದೂರುವರೆಗಿನ ಸ್ಥಳೀಯ ಸಂಸ್ಥೆಗಳು ವರ್ಷಕ್ಕೆರಡು ಬಾರಿ ಒಟ್ಟಿಗೆ ಕೂರಲಿ; ಇಬ್ಬರು ಜಿಲ್ಲಾಧಿಕಾರಿಗಳೂ ಇರಲಿ. ತಡೆಗೋಡೆ, ಕಸ, ಬೇಸಿಗೆಯ ನೀರು, ಬಹುಮಹಡಿ ಕಟ್ಟಡಗಳ ಪರವಾನಗಿ, ಈ ನಾಲ್ಕನ್ನಾದರೂ ಪರಸ್ಪರ ಕೇಳದೆ ತೀರ್ಮಾನಿಸದಿರಲಿ. ಮೊದಲ ಸಭೆ ಮಳೆಗಾಲಕ್ಕೆ ಮುನ್ನವೇ ನಡೆಯಲಿ.

– ಓರ್ವ ಓದುಗ, ಮೂಲ್ಕಿ